ರಾತ್ರಿಯೂ ಆರದ ಬಿಸಿಲು

(ಸಿಂಧನೂರಿನಲ್ಲಿ ರೈತರು ಮತ್ತು ಪದವಿ ವಿದ್ಯಾರ್ಥಿಗಳ ಎದುರು ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದುಕೊಂಡದ್ದು.)

ನಮ್ಮೂರು ಕುಡತಿನಿ ಹತ್ತಿರ. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವವರಿಗೆ ಆ ಊರು ಗೊತ್ತೇ ಇರುತ್ತೆ, ಥರ್ಮಲ್ ಸ್ಟೇಷನ್ನಿನ ಚಿಮ್ನಿ ದೂರದಿಂದಲೇ ಕಾಣುತ್ತೆ. ಆದರೆ ಚಿಮ್ನಿ ಬರುವ ಎಷ್ಟೋ ಮೊದಲೇ ಅಲ್ಲೊಂದು ಬೂದಿದಿಬ್ಬ ಇತ್ತು. ಈಗಲೂ ಇದೆ. ಚಿಕ್ಕವರಿದ್ದಾಗ ಅದರ ಮೇಲೆ ಹತ್ತಿ ಜಾರಿ, ಚಡ್ಡಿಯೆಲ್ಲ ಬೂದಿ ಮಾಡಿಕೊಂಡು ಮನೆಗೆ ಬಂದು ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದೆವು. ಅದು ರಾಕ್ಷಸನನ್ನು ಸುಟ್ಟ ಬೂದಿ ಅಂತ ನಮ್ಮಜ್ಜ ಹೇಳುತ್ತಿದ್ದ. ಹಂಪಿ ಹತ್ತಿರದ ನಿಂಬಾಪುರದಲ್ಲೂ ಇಂಥದೇ ಒಂದು ದಿಬ್ಬ ಇದೆ. ಅದು ವಾಲಿಯನ್ನು ಸುಟ್ಟ ಜಾಗ ಅಂತಾರೆ.

ರಾಕ್ಷಸರ ಕಥೆ ಚೆನ್ನಾಗಿದೆ. ಆದರೆ ಅಗೆದು ನೋಡಿದವರಿಗೆ ಸಿಕ್ಕಿದ್ದು ಸಗಣಿ. ಬ್ರಿಟಿಷರ ಕಾಲದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ ಬಳ್ಳಾರಿ ಸೀಮೆಯೆಲ್ಲ ಸುತ್ತಿದ. ಇವು ದನದ ದೊಡ್ಡಿಗಳು ಸುಟ್ಟು ಆದ ಬೂದಿ ಅಂತ ಹೇಳಿದ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ, ಕಲ್ಲಿನ ಕೊಡಲಿ ಹಿಡಿದ ಜನ ಇಲ್ಲಿ ದನ ಕಟ್ಟುತ್ತಿದ್ದರು. ಸಗಣಿ ಗುಡ್ಡೆ ಬಿದ್ದ ಮೇಲೆ ಬೆಂಕಿ ಹಚ್ಚುತ್ತಿದ್ದರು. ತಲೆಮಾರುಗಟ್ಟಲೆ ಹೀಗೇ ನಡೆದು ದಿಬ್ಬವಾಯಿತು.

ಅಂದರೆ ಕುಡತಿನಿಯಲ್ಲಿ ಈಗ ಎರಡು ಬೂದಿ ಇವೆ. ಒಂದು ಹಳೇ ಸಗಣಿಯದು, ಇನ್ನೊಂದು ಕಲ್ಲಿದ್ದಲಿನ ಹಾರುಬೂದಿ. ಎರಡೂ ಬೆಂಕಿಯೇ. ಎರಡರಿಂದಲೂ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಯಿತು. ಹಾಗಾದರೆ ಭೂಮಿ ಬಿಸಿಯಾಗಿದ್ದರಲ್ಲಿ ಎರಡರ ಪಾಲೂ ಇದೆಯಾ? ಈ ಪ್ರಶ್ನೆಯನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಕೇಳಿದ್ದೇನೆ. ಮುಕ್ಕಾಲು ಮಂದಿ "ಹೌದ್ರೀ ಸರ್" ಅಂತಲೇ ಹೇಳುತ್ತಿದ್ದರು.

ಲೆಕ್ಕ ಹಾಕೋಣ. ಸಗಣಿ ಎಲ್ಲಿಂದ ಬಂತು? ಹುಲ್ಲಿನಿಂದ. ಹುಲ್ಲಿಗೆ ಕಾರ್ಬನ್ ಎಲ್ಲಿಂದ ಬಂತು? ಅದೇ ವರ್ಷದ ಗಾಳಿಯಿಂದ. ಮುಂಗಾರಿನಲ್ಲಿ ಹುಲ್ಲು ಗಾಳಿಯಿಂದ ತೆಗೆದುಕೊಂಡದ್ದನ್ನು ಬೇಸಿಗೆಯಲ್ಲಿ ಬೆಂಕಿ ಗಾಳಿಗೆ ವಾಪಸ್ ಕೊಟ್ಟಿತು. ಇದು ಕೈಗಡ ಇದ್ದ ಹಾಗೆ. ಜೂನಿನಲ್ಲಿ ತಂದದ್ದು ಸುಗ್ಗಿಗೆ ತೀರಿತು. ಕಲ್ಲಿದ್ದಲು ಹಾಗಲ್ಲ. ಸಿಂಗರೇಣಿಯಂಥ ಗಣಿಗಳಿಂದ ನಮ್ಮ ರಾಯಚೂರಿಗೆ ವ್ಯಾಗನ್ನಿನಲ್ಲಿ ಬರುತ್ತಲ್ಲ, ಅದು 25 ಕೋಟಿ ವರ್ಷಕ್ಕೂ ಹಿಂದಿನ ಕಾಡು. ಆ ಗಿಡಗಳು ತೆಗೆದುಕೊಂಡ ಕಾರ್ಬನ್ ನೆಲದೊಳಗೆ ಹೂತು, ಗಾಳಿಯ ಲೆಕ್ಕದಿಂದಲೇ ಆಚೆ ಹೋಗಿತ್ತು. ಅದನ್ನು ನಾವು ಅಗೆದು ತೆಗೆದು ಇನ್ನೂರು ವರ್ಷದಲ್ಲಿ ಸುಡುತ್ತಿದ್ದೇವೆ. ಇದು ಯಾರೂ ತೀರಿಸದ ಸಾಲ.

"ಗಾಳಿಯಲ್ಲಿ ಜಾಸ್ತಿಯಾಗಿರೋದು ಕಲ್ಲಿದ್ದಲಿನದೇ ಅಂತ ಹೆಂಗ ಗೊತ್ತು? ಜ್ವಾಲಾಮುಖಿಯದೂ ಇರಬಹುದಲ್ಲ?" ಅಂತ ಒಬ್ಬ ಹುಡುಗ ಒಮ್ಮೆ ಕೇಳಿದ. ಒಳ್ಳೇ ಪ್ರಶ್ನೆ. ಇದಕ್ಕೂ ನಮ್ಮ ಬೂದಿದಿಬ್ಬದಲ್ಲೇ ಉತ್ತರ ಇದೆ, ಸ್ವಲ್ಪ ತಾಳಿ. ಕಾರ್ಬನ್‌ನಲ್ಲಿ ಒಂದು ಅಪರೂಪದ ಬಗೆ ಇದೆ, ಕಾರ್ಬನ್-14 ಅಂತ. ಅದು ವಾತಾವರಣದ ಮೇಲ್ಭಾಗದಲ್ಲಿ ಹುಟ್ಟುತ್ತಲೇ ಇರುತ್ತೆ. ಜೀವ ಇರೋ ಎಲ್ಲದರ ಮೈಯಲ್ಲೂ ಒಂದಿಷ್ಟು ಇರುತ್ತೆ. ಜೀವ ಹೋದ ಮೇಲೆ ಹೊಸದು ಸೇರೋದಿಲ್ಲ, ಇದ್ದದ್ದು 5,730 ವರ್ಷಕ್ಕೆ ಅರ್ಧವಾಗುತ್ತಾ ಹೋಗುತ್ತೆ. ಬೂದಿದಿಬ್ಬಗಳಿಗೆ ಎಷ್ಟು ವಯಸ್ಸು ಅಂತ ಕಂಡುಹಿಡಿದದ್ದು ಇದೇ ದಾರಿಯಲ್ಲಿ. ಅಲ್ಲಿನ ಇದ್ದಿಲಿನಲ್ಲಿ ಕಾರ್ಬನ್-14 ಇನ್ನೂ ಉಳಿದಿದೆ. ಆದರೆ 25 ಕೋಟಿ ವರ್ಷದ ಕಲ್ಲಿದ್ದಲಿನಲ್ಲಿ? ಒಂದು ಚೂರೂ ಇಲ್ಲ. ಈಗ ಯೋಚನೆ ಮಾಡಿ. ಕಾರ್ಬನ್-14 ಇಲ್ಲದ ಹೊಗೆಯನ್ನು ಗಾಳಿಗೆ ಬಿಡುತ್ತಾ ಹೋದರೆ ಏನಾಗುತ್ತೆ? ಹಾಲಿಗೆ ನೀರು ಬೆರೆಸಿದ ಹಾಗೆ, ಗಾಳಿಯಲ್ಲಿ ಅದರ ಪಾಲು ತೆಳ್ಳಗಾಗುತ್ತೆ. 1955ರಲ್ಲಿ ಹಾನ್ಸ್ ಸ್ಯೂಸ್ ಅನ್ನುವ ವಿಜ್ಞಾನಿ ಮರದ ಉಂಗುರಗಳಲ್ಲಿ ಈ ತೆಳ್ಳಗಾದದ್ದನ್ನು ಹಿಡಿದ. ಜ್ವಾಲಾಮುಖಿಯ ಕಾರ್ಬನ್ನಿನಲ್ಲೂ ಕಾರ್ಬನ್-14 ಇರೋದಿಲ್ಲ, ನಿಜ. ಆದರೆ ಜ್ವಾಲಾಮುಖಿಗಳು ವರ್ಷಕ್ಕೆ ಬಿಡೋದು ನಾವು ಬಿಡೋದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ನೀರು ಬೆರೆಸಿದವರು ಯಾರು ಅಂತ ಹುಡುಕೋಕೆ ಹೆಚ್ಚು ದೂರ ಹೋಗಬೇಕಿಲ್ಲ.

ಸರಿ, ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ಬಿಸಿ ಯಾಕೆ? ನಿಮ್ಮ ಮನೆಯಲ್ಲಿ ಕೌದಿ ಇದೆ ಅಲ್ವಾ? ಕೌದಿಗೆ ಸ್ವಂತ ಬಿಸಿ ಇಲ್ಲ. ನಿಮ್ಮ ಮೈಯ ಬಿಸಿಯನ್ನು ಹೊರಗೆ ಹೋಗಗೊಡೋದಿಲ್ಲ, ಅಷ್ಟೇ ಅದರ ಕೆಲಸ. ಬಿಸಿಲು ಹಗಲು ನೆಲವನ್ನು ಕಾಯಿಸುತ್ತೆ. ನೆಲ ಆ ಬಿಸಿಯನ್ನು ಕಣ್ಣಿಗೆ ಕಾಣದ ಕಿರಣವಾಗಿ ಆಕಾಶಕ್ಕೆ ಬಿಡುತ್ತೆ. ದಾರಿಯಲ್ಲಿ ಕಾರ್ಬನ್ ಡೈಆಕ್ಸೈಡ್, ಮೀಥೇನ್, ನೀರಾವಿ ಇವೆಲ್ಲ ಅದನ್ನು ಹಿಡಿದು, ಒಂದಿಷ್ಟನ್ನು ತಿರುಗಿ ನೆಲಕ್ಕೇ ಕಳಿಸುತ್ತವೆ. ಇದಕ್ಕೆ ನಿಮ್ಮ ಅನುಭವದಲ್ಲೇ ಸಾಕ್ಷಿ ಇದೆ. ಚಳಿಗಾಲದಲ್ಲಿ ಆಕಾಶ ನಿಚ್ಚಳವಾಗಿದ್ದ ರಾತ್ರಿ ಚಳಿ ಜಾಸ್ತಿ. ಮೋಡ ಮುಚ್ಚಿದ ರಾತ್ರಿ ಧಗೆ. ಮೋಡ ಬಿಸಿಯನ್ನು ಹುಟ್ಟಿಸಲಿಲ್ಲ, ಹೋಗಗೊಡಲಿಲ್ಲ.

ಈ ಕೌದಿ ಪೂರ್ತಿ ಇಲ್ಲದೇ ಇದ್ದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಈಗ ಸುಮಾರು 15 ಡಿಗ್ರಿ ಇದೆ. ಹಾಗಾಗಿ ಕೌದಿ ಬೇಕು. ನಮ್ಮ ತಕರಾರು ಏನಪ್ಪಾ ಅಂದರೆ, ವರ್ಷಾ ವರ್ಷಾ ಅದಕ್ಕೆ ಹೊಸ ಪದರ ಹೊಲಿಯುತ್ತಿದ್ದೇವೆ, ಹಳೇದನ್ನು ಬಿಚ್ಚುತ್ತಿಲ್ಲ. ನಾವು ಬಿಟ್ಟದ್ದರಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಸಮುದ್ರ ಮತ್ತು ಗಿಡಮರ ಹೀರಿಕೊಳ್ಳುತ್ತವೆ. ಉಳಿದದ್ದರಲ್ಲಿ ಒಂದು ಪಾಲು ನೂರಾರು ವರ್ಷ ಅಲ್ಲೇ ಕೂರುತ್ತೆ. ಕಾರ್ಖಾನೆಗಳ ಕಾಲಕ್ಕೂ ಮೊದಲು ಗಾಳಿಯ ಹತ್ತು ಲಕ್ಷ ಕಣದಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 280 ಇತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳೆಯಲು ಶುರು ಮಾಡಿದಾಗ 315. ಈಗ 420 ದಾಟಿದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಜ್ಞಾನ ಅಂತ ಅಂದುಕೊಳ್ಳಬೇಡಿ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಅನ್ನುವ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು, ಬಿಸಿಲಿಗೆ ಒಡ್ಡಿದಳು. ನಮ್ಮ ಬೂದಿದಿಬ್ಬದ ಫೂಟ್‌ಗೂ ಈಕೆಗೂ ಅಡ್ಡಹೆಸರಷ್ಟೇ ಒಂದು. ಕಾರ್ಬನ್ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಜಾಸ್ತಿ ಕಾಯಿತು. ಅದಕ್ಕಿಂತ ಮುಖ್ಯ, ಬಿಸಿಲಿನಿಂದ ತೆಗೆದು ನೆರಳಿಗಿಟ್ಟ ಮೇಲೂ ಅದು ಆರೋದಕ್ಕೆ ಬಹಳ ಹೊತ್ತು ತೆಗೆದುಕೊಂಡಿತು. ಈ "ಆರೋದಕ್ಕೆ ಬಹಳ ಹೊತ್ತು" ಅನ್ನೋ ಮಾತನ್ನು ಜ್ಞಾಪಕ ಇಟ್ಟುಕೊಳ್ಳಿ, ನಾನು ಇಲ್ಲಿಗೆ ಬಂದದ್ದೇ ಅದನ್ನು ಹೇಳೋಕೆ. ಮೂರು ವರ್ಷದ ನಂತರ ಜಾನ್ ಟಿಂಡಲ್ ಇದನ್ನೇ ಇನ್ನೂ ಸೂಕ್ಷ್ಮವಾಗಿ ಅಳೆದ. 1896ರಲ್ಲಿ ಸ್ವೀಡನ್ನಿನ ಅರ್ಹೇನಿಯಸ್ ಕೂತು ಲೆಕ್ಕ ಹಾಕಿ, ಈ ಅನಿಲ ದುಪ್ಪಟ್ಟಾದರೆ ಭೂಮಿ ಎಷ್ಟು ಬಿಸಿಯಾಗುತ್ತೆ ಅಂತ ಬರೆದ. ಆಗ ರಾಯಚೂರಿನಲ್ಲಿ ನಿಜಾಮರ ಆಳ್ವಿಕೆ.

ನಮ್ಮ ಪಾಲಿನ ವಿಷಯಕ್ಕೆ ಬರೋಣ. ರಾಯಚೂರು ಜಿಲ್ಲೆಯ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ 1,720 ಮೆಗಾವ್ಯಾಟ್. ಅದರ ಮೊದಲ ಘಟಕ 1985ರಲ್ಲಿ ಶುರುವಾಯಿತು. ಅದೇ ಜಿಲ್ಲೆಯ ಯರಮರಸ್ ಸ್ಥಾವರ 1,600. ಕುಡತಿನಿ 1,700. ಎರಡೇ ಜಿಲ್ಲೆಯಲ್ಲಿ ಐದು ಸಾವಿರ ಮೆಗಾವ್ಯಾಟ್ ಆಯಿತು. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟ್ ಮಾಡಿದರೆ ಹೆಚ್ಚು ಕಡಿಮೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಎಲ್ಲ ಘಟಕ ಪೂರ್ತಿ ಓಡಿದರೆ ಗಂಟೆಗೆ ಸುಮಾರು ಐದು ಸಾವಿರ ಟನ್. ತೋರಣಗಲ್ಲಿನಂಥ ಕಡೆ ಉಕ್ಕು ಮಾಡುವಾಗಲೂ ಅಷ್ಟೇ, ಕಲ್ಲಿದ್ದಲು ಅಲ್ಲಿ ಬರೀ ಸೌದೆಯಲ್ಲ. ಸಂಡೂರಿನ ಕೆಂಪು ಅದಿರು ಅಂದರೆ ಆಮ್ಲಜನಕ ಕಚ್ಚಿಕೊಂಡಿರುವ ಕಬ್ಬಿಣ. ಆ ಆಮ್ಲಜನಕವನ್ನು ಕಿತ್ತುಕೊಂಡು ಹೋಗೋದೇ ಕಾರ್ಬನ್. ಒಂದು ಟನ್ ಉಕ್ಕಿಗೆ ಎರಡು ಟನ್ನಿಗೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್.

ಈ ಅಂಕಿ ಕೇಳಿ ಎಲ್ಲ ತಪ್ಪು ನಮ್ಮದೇ ಅಂತ ತಲೆ ತಗ್ಗಿಸಬೇಕಿಲ್ಲ. ನಮ್ಮ ದೇಶದಲ್ಲಿ ತಲೆಗೆ ವರ್ಷಕ್ಕೆ ಸುಮಾರು ಎರಡು ಟನ್. ಅಮೆರಿಕದವನದು ಅದರ ಏಳು ಪಟ್ಟು. ಇಲ್ಲಿವರೆಗೆ ಜಗತ್ತು ಬಿಟ್ಟದ್ದರಲ್ಲಿ ಕಾಲು ಭಾಗ ಅಮೆರಿಕ ಒಂದರದೇ. ಶಕ್ತಿನಗರದ ಕರೆಂಟಿನಲ್ಲಿ ಓಡುವ ಏಸಿಗಳು ಬಹುಪಾಲು ಶಕ್ತಿನಗರದಲ್ಲಿಲ್ಲ ಅನ್ನೋದೂ ನಿಮಗೆ ಗೊತ್ತು. ಆದರೆ ಗಾಳಿ ಯಾರ ಮನೆ ಹೊಗೆ ಅಂತ ಕೇಳೋದಿಲ್ಲ, ಎರಡು ಮೂರು ವರ್ಷದಲ್ಲಿ ಇಡೀ ಭೂಮಿ ಸುತ್ತಿ ಬೆರೆತು ಹೋಗುತ್ತೆ.

ಇಲ್ಲಿ ಒಂದು ಗೊಂದಲ ಬಿಡಿಸಲೇಬೇಕು. ಕೊಪ್ಪಳದ ಗಿಣಿಗೇರಾ ಕಡೆಯವರು ನನ್ನನ್ನು ಕಂಡಾಗಲೆಲ್ಲ ಹೇಳುತ್ತಾರೆ, "ನೋಡ್ರೀ ಸರ್, ಹತ್ತಿ ಮ್ಯಾಲೆ ಕರಿ ಬೂದಿ ಕುಂತೈತಿ, ಇದೇ ನೋಡ್ರೀ ನಿಮ್ಮ ಜಾಗತಿಕ ತಾಪಮಾನ." ಅಲ್ಲ. ಬೂದಿ ಎದೆಗೆ ಕೆಟ್ಟದ್ದು, ಬೆಳೆಗೆ ಕೆಟ್ಟದ್ದು, ಅದರ ವಿರುದ್ಧ ಗಲಾಟೆ ಮಾಡಲೇಬೇಕು. ಆದರೆ ಅದು ಬೇರೆ ಜಗಳ. ಬೂದಿ ಕಣ್ಣಿಗೆ ಕಾಣುತ್ತೆ, ಒಂದು ಮಳೆ ಬಂದರೆ ಕೆಳಗೆ ಬೀಳುತ್ತೆ. ಕಾರ್ಬನ್ ಡೈಆಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಳೆಗೆ ತೊಳೆದು ಹೋಗೋದಿಲ್ಲ. ಇನ್ನೂ ಒಂದು ವಿಚಿತ್ರ ಇದೆ. ಗಾಳಿಯಲ್ಲಿ ತೇಲುವ ಹೊಗೆ ದೂಳಿನ ಕಣಗಳು ಒಟ್ಟಾರೆ ಬಿಸಿಲಿಗೆ ಅಡ್ಡ ನಿಂತು ನೆಲವನ್ನು ತುಸು ತಂಪಾಗೇ ಇಡುತ್ತವೆ. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಏರಿದ್ದು ಸುಮಾರು 0.7 ಡಿಗ್ರಿ. ಜಗತ್ತಿನ ಸರಾಸರಿಗಿಂತ ಇದು ಕಡಿಮೆ. ಅದಕ್ಕೆ ಈ ದೂಳು ಹೊಗೆ ಒಂದು ಕಾರಣ, ನೀರಾವರಿ ಇನ್ನೊಂದು. ಅಂದರೆ ಹೊಗೆ ತೊಳೆದು ಗಾಳಿ ಸ್ವಚ್ಛ ಮಾಡಿದ ದಿನ, ಮುಚ್ಚಿಟ್ಟಿದ್ದ ಬಿಸಿ ಹೊರಗೆ ಬರುತ್ತೆ. ಹಾಗಂತ ಸ್ವಚ್ಛ ಮಾಡೋದೇ ಬೇಡ ಅಂತ ನಾನು ಹೇಳಿದೆ ಅಂತ ಊರಲ್ಲಿ ಹೇಳಬೇಡಿ ಮತ್ತೆ.

ಹಾಗೇ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ. ಆಗ ಒಂದಿಬ್ಬರು ಅದನ್ನೂ ಹವಾಮಾನದ ತಲೆಗೆ ಕಟ್ಟಿದರು. ಅದು ಎಪ್ಪತ್ತು ವರ್ಷದ ಕಬ್ಬಿಣ. ಚೈನು ಚೈನಾಗಿ ಹೋಯಿತು. ಎಲ್ಲದಕ್ಕೂ ಒಂದೇ ಕಾರಣ ಹೇಳುವವರನ್ನು ನಂಬಬೇಡಿ, ನಾನು ಹೇಳಿದರೂ ನಂಬಬೇಡಿ.

ಈಗ ರಾತ್ರಿ ವಿಷಯ.

ರಾಯಚೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ತಮಾಷೆ ಮಾಡುತ್ತಾರೆ. ನಮಗೆ ಬಿಸಿಲು ಹೊಸದಲ್ಲ. 42, 43 ಡಿಗ್ರಿ ಅಂದರೆ ಬೆಂಗಳೂರಿನವರು ಹೌಹಾರುತ್ತಾರೆ, ನಾವು ತಲೆಗೆ ಟವೆಲ್ ಸುತ್ತಿಕೊಂಡು ಸಂತೆಗೆ ಹೋಗುತ್ತೇವೆ. ಅದಕ್ಕೇ ನಾವು ಯಾವಾಗಲೂ ತಪ್ಪು ಅಂಕಿ ನೋಡುತ್ತೇವೆ. ಪೇಪರಿನಲ್ಲಿ ಗರಿಷ್ಠ ಎಷ್ಟು ಅಂತ ನೋಡುತ್ತೇವೆ, ಪಕ್ಕದಲ್ಲೇ ಇರೋ ಕನಿಷ್ಠ ಎಷ್ಟು ಅಂತ ನೋಡೋದಿಲ್ಲ. ಆ ಕನಿಷ್ಠ ಅಂದರೆ ರಾತ್ರಿ. ಕೌದಿಯ ಕೆಲಸ ರಾತ್ರಿಯಲ್ಲೇ ಅಲ್ವಾ? ಹಗಲು ಬಿಸಿಲು ಬರುವುದೂ ಇದೆ, ಬಿಸಿ ಹೋಗುವುದೂ ಇದೆ. ರಾತ್ರಿ ಬರೀ ಹೋಗುವುದು. ಹೋಗುವ ದಾರಿಗೆ ಅಡ್ಡ ಹಾಕಿದರೆ ಅದು ರಾತ್ರಿಯಲ್ಲೇ ಎದ್ದು ಕಾಣಬೇಕು. ಹಾಗೇ ಆಗಿದೆ. 1950ರಿಂದೀಚೆಗೆ ಜಗತ್ತಿನ ನೆಲದ ಮೇಲೆ ಒಟ್ಟಾರೆ ನೋಡಿದರೆ ಹಗಲಿಗಿಂತ ರಾತ್ರಿ ಹೆಚ್ಚು ಬಿಸಿಯಾಗಿದೆ. ಕಾರ್ಬನ್ ಡೈಆಕ್ಸೈಡ್ ಹೀಗೇ ಏರುತ್ತಾ ಹೋದರೆ ಈ ಶತಮಾನದ ಕೊನೆಗೆ ನಮ್ಮ ದೇಶದಲ್ಲಿ ಬಿಸಿ ಹಗಲುಗಳು 55 ಪ್ರತಿಶತ, ಬಿಸಿ ರಾತ್ರಿಗಳು 70 ಪ್ರತಿಶತ ಜಾಸ್ತಿಯಾಗಬಹುದು ಅಂತ ಕೇಂದ್ರದ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತೆ.

ನಮ್ಮ ಹಳೇ ಮನೆ ಮಣ್ಣಿನ ಮಾಳಿಗೆಯದು. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆ ಮೇಲೆ ಮಲಗುತ್ತಿದ್ದೆವು. ಸಂಜೆ ಅವ್ವ ನೀರು ಚಿಮುಕಿಸುತ್ತಿದ್ದಳು, ರಾತ್ರಿ ಹತ್ತರ ಹೊತ್ತಿಗೆ ಆರಿರುತ್ತಿತ್ತು. ಬೆಳಗಿನ ಜಾವ ಒಂದೇ ಕೌದಿಗೆ ನಾನೂ ನನ್ನ ತಮ್ಮನೂ ಜಗಳ. ಈಗ ಅದೇ ಜಾಗದಲ್ಲಿ ಆರ್‌ಸಿಸಿ ಇದೆ. ರಾತ್ರಿ ಎರಡಕ್ಕೂ ಅಂಗೈ ಇಟ್ಟರೆ ಬಿಸಿ ತಾಗುತ್ತೆ. ಇದರಲ್ಲಿ ಅರ್ಧ ತಪ್ಪು ಸಿಮೆಂಟಿನದು, ಅಂದರೆ ನನ್ನದು. ಮಣ್ಣು ತೆಗೆಸಿ ಸ್ಲ್ಯಾಬ್ ಹಾಕಿಸಿದ್ದು ನಾನೇ. ಆದರೆ ಹೊಲದಲ್ಲಿ ಸಿಮೆಂಟ್ ಇಲ್ಲವಲ್ಲ. ಭತ್ತದ ಗದ್ದೆಯನ್ನು ಕೇಳೋಣ.

ಗಿಡ ಹಗಲು ದುಡಿಯುತ್ತೆ, ರಾತ್ರಿ ಉಸಿರಾಡಿಕೊಂಡು ಒಂದಿಷ್ಟು ಖರ್ಚು ಮಾಡುತ್ತೆ. ರಾತ್ರಿ ಬಿಸಿ ಇದ್ದಷ್ಟೂ ಖರ್ಚು ಜಾಸ್ತಿ. ದುಡಿಮೆ ಅಷ್ಟೇ, ಖರ್ಚು ಏರಿತು, ತೆನೆಗೆ ಉಳಿತಾಯ ಎಲ್ಲಿಂದ ಬರಬೇಕು? ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತಮ್ಮದೇ ಗದ್ದೆಗಳ ಲೆಕ್ಕ ತೆಗೆದು 2004ರಲ್ಲಿ ಪ್ರಕಟಿಸಿದರು. ಅಲ್ಲಿನ ಬೇಸಿಗೆ ಬೆಳೆಯಲ್ಲಿ ರಾತ್ರಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಇಳುವರಿ ಹತ್ತು ಪ್ರತಿಶತ ಬಿದ್ದಿತ್ತು. ಇನ್ನು ಹೂ ಬಿಡುವ ಸಮಯ. ಭತ್ತದ ಹೂ ಅರಳೋದು ಬೆಳಗ್ಗೆ, ಒಂದು ಎರಡು ಗಂಟೆ ಅಷ್ಟೇ. ಆ ಹೊತ್ತಿಗೆ 35 ಡಿಗ್ರಿ ದಾಟಿದರೆ ಪರಾಗ ಕೆಡುತ್ತೆ, ಕಾಳು ಕಟ್ಟೋದಿಲ್ಲ. ತೆನೆ ನೋಡೋಕೆ ಚೆನ್ನಾಗೇ ಇರುತ್ತೆ, ತೂರಿದಾಗ ಜೊಳ್ಳು. ನಮ್ಮ ಎರಡನೇ ಬೆಳೆ ಹೂ ಬಿಡೋದು ಬೇಸಿಗೆ ಬಾಗಿಲಲ್ಲಿ. ನಾಟಿ ಹದಿನೈದು ದಿನ ತಡವಾದರೆ ಬಾಗಿಲು ದಾಟಿ ಒಳಗೇ ಹೋಗುತ್ತೆ. ನನ್ನ ಹೆಂಡತಿಯ ಅಣ್ಣನ ಗದ್ದೆ ಇಲ್ಲೇ ಸಿಂಧನೂರು ಹತ್ತಿರ. ಒಂದು ವರ್ಷ ಕಾಲುವೆ ನೀರು ತಡವಾಗಿ ನಾಟಿ ಹಿಂದೆ ಬಿತ್ತು. ಭತ್ತ ತೂರುವಾಗ ಅವರು ಮಾತಾಡಲಿಲ್ಲ, ನನ್ನ ಕೈಗೆ ಒಂದು ಮುಷ್ಟಿ ಕೊಟ್ಟರು. ಹಿಡಿದರೆ ಭಾರವೇ ಇಲ್ಲ.

ಮನುಷ್ಯರ ಕಥೆ ಗಡಿಗೆಯ ಕಥೆ. ಗಡಿಗೆ ನೀರು ಯಾಕೆ ತಣ್ಣಗಿರುತ್ತೆ? ಹೊರಮೈಯಲ್ಲಿ ಒಸರಿದ ನೀರು ಆವಿಯಾಗುತ್ತಾ ಬಿಸಿಯನ್ನು ಒಯ್ಯುತ್ತೆ. ಬೆವರೂ ಅದೇ. ಒಣ ಬಿಸಿಲಲ್ಲಿ ಗಡಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ನೀರು ಆವಿಯಾಗೋದಿಲ್ಲ, ಗಡಿಗೆ ನೀರು ಬೆಚ್ಚಗೇ ಇರುತ್ತೆ. ನೀರು ತಣ್ಣಗಾಗದ ದಿನ ನಿಮ್ಮ ಮೈಯೂ ತಣ್ಣಗಾಗುತ್ತಿಲ್ಲ ಅಂತ ತಿಳಿಯಿರಿ. ಅದಕ್ಕೇ ವಿಜ್ಞಾನಿಗಳು ಥರ್ಮಾಮೀಟರಿಗೆ ಒದ್ದೆ ಬಟ್ಟೆ ಸುತ್ತಿ ಅಳೆಯುತ್ತಾರೆ. ಒದ್ದೆ ಬಟ್ಟೆಯಲ್ಲೂ 35 ಡಿಗ್ರಿ ತೋರಿಸಿದರೆ, ನೆರಳಲ್ಲಿ ಸುಮ್ನೆ ಕೂತ ಗಟ್ಟಿ ಆಳೂ ಕೆಲವೇ ಗಂಟೆ ತಾಳಿಯಾನು. ದುಡಿಯುವವರಿಗೆ ಅದಕ್ಕಿಂತ ಬಹಳ ಕೆಳಗೇ ಅಪಾಯ ಶುರು. ನಮ್ಮಲ್ಲಿ ಕಾಲುವೆ ಬಂದು ಗದ್ದೆ ಆದ ಮೇಲೆ ಹಗಲಿನ ಝಳ ಸ್ವಲ್ಪ ಕಡಿಮೆಯಾಗಿದೆ, ಧಗೆ ಜಾಸ್ತಿಯಾಗಿದೆ. ಥರ್ಮಾಮೀಟರ್ ನೋಡಿ ಪರವಾಗಿಲ್ಲ ಅಂದುಕೊಳ್ಳುತ್ತೇವೆ, ಮೈ ಬೇರೆ ಹೇಳುತ್ತಿರುತ್ತೆ.

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1:30. ಒಳ್ಳೇದೇ. ಫ್ಯಾನಿನ ಕೆಳಗೆ ಕೂತವರಿಗೆ ಹೊತ್ತು ಬದಲಾಯಿತು. ರೈಸ್ ಮಿಲ್ಲಿನ ಹಮಾಲರಿಗೆ, ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳಿಗೆ, ಇಟ್ಟಿಗೆ ಭಟ್ಟಿಯವರಿಗೆ ಯಾರು ಬದಲಾಯಿಸಿದರು?

ಮಳೆಗೆ ಬರುತ್ತೇನೆ. ರೋಹಿಣಿ ಮಳೆ ಆದರೆ ಓಣಿ ತುಂಬ ಜೋಳ ಅಂತ ನಮ್ಮ ಹಿರಿಯರ ಗಾದೆ. ಈಗ ಗಾದೆ ಸುಳ್ಳಾಗಿದೆ ಅಂತ ಎಲ್ಲರ ದೂರು. ಇಲ್ಲೊಂದು ಮೇಷ್ಟ್ರ ಚಾಳಿ, ಕ್ಷಮಿಸಿ. ನಮ್ಮ ಮಳೆ ನಕ್ಷತ್ರಗಳ ಲೆಕ್ಕ ಋತುವಿನ ಲೆಕ್ಕದಿಂದ 72 ವರ್ಷಕ್ಕೆ ಒಂದು ದಿನ ಜಾರುತ್ತೆ. ಗಾದೆಗೆ ಏಳುನೂರು ವರ್ಷ ಆಗಿದ್ದರೆ ಹತ್ತು ದಿನ ಜಾರಿದೆ ಅಂತಾಯಿತು. ಅದಕ್ಕೂ ಹೊಗೆಗೂ ಸಂಬಂಧ ಇಲ್ಲ. ಬರವೂ ಹೊಸದಲ್ಲ. 1876ರಿಂದ 78ರ ದೊಡ್ಡ ಬರದಲ್ಲಿ ಬಳ್ಳಾರಿ ಸೀಮೆ ಎಷ್ಟು ನರಳಿತು ಅನ್ನೋದು ದಾಖಲೆಯಲ್ಲಿದೆ. ಆಗ ಎಲ್ ನಿನೋ ಬಲವಾಗಿತ್ತು, ಅಂದರೆ ಪೆಸಿಫಿಕ್ ಸಾಗರದ ನೀರು ಕಾದು ನಮ್ಮ ಮುಂಗಾರನ್ನು ಕುಗ್ಗಿಸೋದು. 2023ರಲ್ಲೂ ಎಲ್ ನಿನೋ, ರಾಜ್ಯದ ಇನ್ನೂರಕ್ಕೂ ಜಾಸ್ತಿ ತಾಲ್ಲೂಕು ಬರಪೀಡಿತ, ನಮ್ಮ ಎರಡನೇ ಬೆಳೆಗೆ ನೀರಿಲ್ಲ.

ಹಾಗಾದರೆ ಹೊಸದೇನು? ಮಳೆ ಬೀಳುವ ರೀತಿ. ಒಂದು ಡಿಗ್ರಿ ಬಿಸಿಯಾದ ಗಾಳಿ ಏಳು ಪ್ರತಿಶತ ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತೆ. ದೊಡ್ಡ ಕೊಡ ಇದ್ದ ಹಾಗೆ, ತುಂಬೋಕೆ ಹೆಚ್ಚು ದಿನ, ಸುರಿದರೆ ಒಂದೇ ಸಲ. 1951ರಿಂದ 1980ಕ್ಕೆ ಹೋಲಿಸಿದರೆ ನಂತರದ ಮೂವತ್ತು ವರ್ಷದಲ್ಲಿ ದೇಶದ ಮುಂಗಾರಿನ ನಡುವೆ ಮಳೆ ಕೈಕೊಡುವ ಸರದಿಗಳು 27 ಪ್ರತಿಶತ ಜಾಸ್ತಿಯಾಗಿವೆ. ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರಿ ಸುರಿಯುವ ಮಳೆ 1950ರಿಂದ 2015ರೊಳಗೆ ಸುಮಾರು 75 ಪ್ರತಿಶತ ಏರಿದೆ. ನಮ್ಮ ಎರೆಭೂಮಿಗೆ ಇದು ಸರಿಹೊಂದೋದಿಲ್ಲ. ಎರೆ ನಿಧಾನ ಕುಡಿಯುವ ಮಣ್ಣು. ಹದವಾಗಿ ಮೂರು ದಿನ ಸುರಿದರೆ ಕುಡಿದು ಹಿಂಗಾರಿ ಜೋಳಕ್ಕೆ ಇಟ್ಟುಕೊಳ್ಳುತ್ತೆ. ಎರಡೇ ತಾಸಿನಲ್ಲಿ ಸುರಿದರೆ ಮೇಲ್ಮೈ ಊದಿ ಬಾಯಿ ಮುಚ್ಚಿಕೊಂಡು, ನೀರು ಹಳ್ಳಕ್ಕೆ ಹೋಗುತ್ತೆ, ತೊಗರಿ ಬುಡದಲ್ಲಿ ನಿಂತು ಬೇರು ಕೊಳೆಯುತ್ತೆ.

2009 ನೆನಪಿದೆಯಾ? ಆ ವರ್ಷ ದೇಶದ ಮುಂಗಾರು 22 ಪ್ರತಿಶತ ಕಡಿಮೆ, 1972ರ ನಂತರದ ದೊಡ್ಡ ಕೊರತೆ. ಆಗಸ್ಟಿನಲ್ಲಿ ಬರದ ಮಾತು. ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಅಕ್ಟೋಬರ್ ಮೊದಲ ದಿನಗಳಲ್ಲಿ ಊರೂರನ್ನೇ ನುಂಗಿತು. ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿ ನಾವು ನಡುವೆ. ಆಚೆ ದಡದಲ್ಲಿ ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. ಆ ಒಂದು ಮಳೆಯನ್ನು ಹವಾಮಾನ ಬದಲಾವಣೆಯೇ ತಂದಿತು ಅಂತ ನಾನು ಹೇಳೋದಿಲ್ಲ. ಅಂಥ ಮಳೆ ಬರುವ ಸಂಭವ ಏರಿದೆ ಅಂತ ಹೇಳುತ್ತೇನೆ. ಒಂದೇ ವರ್ಷದ ಪಹಣಿಯಲ್ಲಿ ಬರವೂ ನೆರೆಯೂ ಬರೆಸಿಕೊಂಡ ರೈತರು ಇಲ್ಲೇ ಕೂತಿದ್ದೀರಿ.

ಸಿಂಧನೂರಿನ ಗದ್ದೆಗೆ ಬೇಕಾದ ಮಳೆ ಸಿಂಧನೂರಿನಲ್ಲಿ ಬೀಳೋದೂ ಇಲ್ಲ. ಅದು ಮಲೆನಾಡಿನಲ್ಲಿ, ತುಂಗೆ ಭದ್ರೆಯರ ತವರಲ್ಲಿ ಬೀಳಬೇಕು. ಅಲ್ಲಿ ಒಮ್ಮೆಲೇ ಸುರಿದರೆ ಡ್ಯಾಮ್ ತುಂಬಿ ಗೇಟು ಎತ್ತಬೇಕು, ನೀರು ಸಮುದ್ರಕ್ಕೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಮಳೆ ಒಂದೇ ಸಲ ಬರುವ ಕಾಲಕ್ಕೆ ನಮ್ಮ ಪಾತ್ರೆ ಚಿಕ್ಕದಾಯಿತು.

"ಮತ್ತೆ ನಾವೇನ್ ಮಾಡಬೇಕ್ರೀ" ಅಂತ ಕೇಳೋ ಮೊದಲೇ ಒಂದು ಬೇಡದ್ದನ್ನು ಹೇಳಿಬಿಡುತ್ತೇನೆ. ಪರಿಸರ ದಿನ ಅಂತ ಜೂನ್ 5ರಂದು ಗಿಡ ನೆಟ್ಟು ಫೋಟೋ ತೆಗೆಸಬೇಡಿ. ಆ ಹೊತ್ತಿಗೆ ನಮ್ಮಲ್ಲಿ ಮುಂಗಾರು ಸರಿಯಾಗಿ ಬಂದಿರೋದಿಲ್ಲ, ಟ್ಯಾಂಕರ್ ನೀರು ನಿಲ್ಲಿಸಿದ ವಾರಕ್ಕೇ ಸಸಿ ಒಣಗುತ್ತೆ. ಒಂದು ತಿಂಗಳು ತಡೆದು ನೆಡಿ, ಫೋಟೋ ಮುಂದಿನ ವರ್ಷ ತೆಗೆಯಿರಿ.

ಕಲ್ಲಿದ್ದಲು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರೋದು ಗದ್ದೆ. ನೀರು ನಿಂತ ಗದ್ದೆಯ ಕೆಸರಿಗೆ ಗಾಳಿ ಸಿಗೋದಿಲ್ಲ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಬೇರು, ಕೂಳೆ ತಿಂದು ಮೀಥೇನ್ ಬಿಡುತ್ತವೆ. ಕೆಸರಲ್ಲಿ ಕಾಲಿಟ್ಟರೆ ಗುಳ್ಳೆ ಏಳುತ್ತಲ್ಲ, ಅದರಲ್ಲಿದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತೆ, ಆದರೆ ಹನ್ನೆರಡು ವರ್ಷದ ಸುಮಾರಿಗೆ ಗಾಳಿಯಲ್ಲಿ ಕರಗುತ್ತೆ. ಕೌದಿಯ ಈ ಪದರವನ್ನು ಬಿಚ್ಚಬಹುದು, ನಮ್ಮ ಕಾಲದಲ್ಲೇ. ದಾರಿ ಎರಡಿವೆ. ಒಂದು ಕೂರಿಗೆ ಭತ್ತ, ಅಂದರೆ ನಾಟಿ ಮಾಡದೆ ಕೂರಿಗೆಯಲ್ಲಿ ನೇರ ಬಿತ್ತೋದು, ಅದನ್ನು ನಿಮ್ಮಲ್ಲಿ ಕೆಲವರು ಆಗಲೇ ಮಾಡುತ್ತಿದ್ದೀರಿ, ನನಗಿಂತ ಚೆನ್ನಾಗಿ ಹೇಳುತ್ತೀರಿ. ಇನ್ನೊಂದು, ನೀರು ಕಟ್ಟೋದು, ಆರಲು ಬಿಡೋದು, ಮತ್ತೆ ಕಟ್ಟೋದು. ಇದರಿಂದ ಮೀಥೇನ್ ಮೂರನೇ ಒಂದರಿಂದ ಅರ್ಧದವರೆಗೆ ಇಳಿಯುತ್ತೆ, ನೀರೂ ಉಳಿಯುತ್ತೆ.

ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಇಡುವವರಿಗೆ ಒಂದು ಮಾತು. "ಇದು ಈ ವರ್ಷದ ಹುಲ್ಲು, ಕೈಗಡ ತೀರಿತಲ್ಲ, ನೀವೇ ಹೇಳಿದ್ರಿ" ಅಂತ ನನಗೇ ತಿರುಗಿಸಬೇಡಿ. ಕಾರ್ಬನ್ ಡೈಆಕ್ಸೈಡ್ ಲೆಕ್ಕ ತೀರಿತು, ನಿಜ. ಅರೆಬರೆ ಉರಿದಾಗ ಮೀಥೇನ್ ಬರುತ್ತೆ, ಮಸಿ ಬರುತ್ತೆ, ಮಣ್ಣಿಗೆ ಸೇರಬೇಕಾದದ್ದು ಹೋಗುತ್ತೆ. ಆ ಲೆಕ್ಕ ತೀರಿಲ್ಲ.

ಆರಲು ಬಿಡೋದು ಅಂದ ಕೂಡಲೇ ಇಲ್ಲಿ ಮುಂದಿನ ಸಾಲಿನಲ್ಲಿ ಒಬ್ಬರು ಹಿರಿಯರು ತಲೆ ಅಲ್ಲಾಡಿಸಿದರು, ಕಂಡೆ. ಅವರು ಏನು ಹೇಳುತ್ತಾರೆ ಅಂತ ಗೊತ್ತು, ನನ್ನ ಭಾವನೂ ಅದನ್ನೇ ಹೇಳೋದು. "ಗದ್ದಿ ಆರಿಸಿ ಕುಂತ್ವಿ ಅಂತಿಟ್ಕೊಳ್ರಿ, ಮತ್ತ ನೀರು ಬರತೈತಂತ ಯಾರು ಬರಕೊಡ್ತಾರ?" ಕಾಲುವೆಯ ಕೊನೆ ಭಾಗದವರ ಮಾತು ಅದು. ಮೇಲಿನವರು ಎಷ್ಟು ಎಳೆದುಕೊಂಡರು ಅಂತ ಗೊತ್ತಿಲ್ಲದಾಗ, ಸಿಕ್ಕ ದಿನ ಕಟ್ಟಿಟ್ಟುಕೊಳ್ಳೋದೇ ಜಾಣತನ. ಸರದಿ ನೀರು ಹೇಳಿದ ದಿನಕ್ಕೆ ಬಾರದೆ ಈ ಪದ್ಧತಿ ಇಲ್ಲಿ ನಡೆಯೋದಿಲ್ಲ. ಇದನ್ನು ರೈತರ ತಪ್ಪು ಅಂತ ಭಾಷಣ ಮಾಡುವವರಿಗೆ ನೀವು ಇದೇ ಪ್ರಶ್ನೆ ಕೇಳಿ. ಇನ್ನೊಂದು ಎಚ್ಚರ, ಎರೆ ನೆಲವನ್ನು ಬಿರುಕು ಬಿಡುವಷ್ಟು ಒಣಗಿಸಬಾರದು. ಬಿರುಕು ಬಿಟ್ಟರೆ ಮುಂದಿನ ನೀರೆಲ್ಲ ಅದರಲ್ಲಿ ಇಳಿದುಹೋಗುತ್ತೆ. ಒಣಗುವ ಮೊದಲು ಯೂರಿಯಾ ಜಾಸ್ತಿ ಸುರಿದರೆ ನೈಟ್ರಸ್ ಆಕ್ಸೈಡ್ ಏಳುತ್ತೆ, ಅದು ಮೀಥೇನಿಗಿಂತಲೂ ಕೆಟ್ಟದ್ದು.

ಬೋರ್‌ವೆಲ್ ಇರುವವರು, ಕಾಲುವೆಯ ಮೇಲ್ಭಾಗದವರು ಮೊದಲು ಅರ್ಧ ಎಕರೆಯಲ್ಲಿ ನೋಡಿ. ಬೇಕಾಗಿರೋದು ಒಂದಡಿ ಉದ್ದದ ಪ್ಲಾಸ್ಟಿಕ್ ಪೈಪ್. ಕೆಳಗಿನ ಅರ್ಧಕ್ಕೆ ಸುತ್ತ ತೂತು ಹಾಕಿ, ತೂತಿನ ಭಾಗ ಕೆಸರೊಳಗೆ ಹೋಗುವ ಹಾಗೆ ಬದುವಿನ ಹತ್ತಿರ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ನಾಟಿಯಾಗಿ ಎರಡು ವಾರದ ನಂತರ ಶುರು ಮಾಡಿ. ಪೈಪಿನೊಳಗೆ ನೀರು ನೆಲಮಟ್ಟದಿಂದ ಅರ್ಧ ಅಡಿ, ಅಂದರೆ 15 ಸೆಂಟಿಮೀಟರ್ ಇಳಿಯುವವರೆಗೆ ಗದ್ದೆಗೆ ನೀರು ಬಿಡಬೇಡಿ. ನಮ್ಮ ಎರೆಯಲ್ಲಿ ಬಿರುಕು ಮೊದಲೇ ಕಂಡರೆ ಮೊದಲೇ ಬಿಡಿ. ಹೂ ಬಿಡುವ ವಾರಗಳಲ್ಲಿ ಮಾತ್ರ ಆರಿಸಬೇಡಿ, ನೀರು ನಿಂತೇ ಇರಲಿ. ಭಾವನ ಗದ್ದೆಯಲ್ಲಿ ಹೂತಿದ್ದ ಪೈಪನ್ನೇ ಕಿತ್ತು ತಂದಿದ್ದೇನೆ, ಕೆಸರು ಇನ್ನೂ ಹಾಗೇ ಇದೆ. ಅಲ್ಲಿ ಮೇಜಿನ ಮೇಲಿದೆ. ಯಾವ ಅಂತರದಲ್ಲಿ ತೂತು ಹಾಕಿದ್ದಾರೆ ಅಂತ ನೋಡಿಕೊಳ್ಳಿ. ವಾಪಸ್ ಕೊಡಬೇಕು, ಅವರಿಗೆ ಹೇಳದೆ ತಂದಿದ್ದೇನೆ.